ಗಾಯವಿಲ್ಲದ ಉರಿ: ಮೈಗ್ರೇನ್, ಉರಿಯೂತ ಮತ್ತು ಉತ್ಕರ್ಷಣದ ಒತ್ತಡ

1847ರಲ್ಲಿ ಇಟಲಿಯ ಟೂರಿನ್ ನಗರದಲ್ಲಿ ಅಸ್ಕಾನಿಯೊ ಸೊಬ್ರೆರೊ ಎಂಬ ರಸಾಯನಶಾಸ್ತ್ರಜ್ಞ ಎಣ್ಣೆಯಂಥ ಹೊಸದೊಂದು ದ್ರವವನ್ನು ತಯಾರಿಸಿದ. ತಯಾರಿಸಿದ್ದನ್ನು ನಾಲಿಗೆಗೆ ಮುಟ್ಟಿಸಿ ನೋಡುವುದು ಆ ಕಾಲದ ಪರಿಪಾಠ. ಆತನೂ ನೋಡಿದ. ನುಂಗಿರಲಿಲ್ಲ, ಬರೀ ಸೋಕಿಸಿದ್ದ. ಅಷ್ಟಕ್ಕೇ ತಲೆ ದವದವ ಬಡಿದುಕೊಳ್ಳತೊಡಗಿತು, ಕೈಕಾಲು ಸೋತುಹೋದವು. ಆ ದ್ರವವೇ ನೈಟ್ರೋಗ್ಲಿಸರಿನ್. ಇಪ್ಪತ್ತು ವರ್ಷಗಳ ಬಳಿಕ ಆಲ್ಫ್ರೆಡ್ ನೊಬೆಲ್ ಅದನ್ನು ಪಳಗಿಸಿ ಡೈನಮೈಟ್ ಮಾಡಿದ. ಸಿಡಿಮದ್ದಿನ ಕಾರ್ಖಾನೆಗಳ ಕೂಲಿಗಳಿಗೆ ಸೋಮವಾರ ಬಂತೆಂದರೆ ತಲೆನೋವು. ವಾರದ ನಡುವೆ ಮೈ ಒಗ್ಗಿಕೊಂಡು ನೋವು ಇಳಿಯುತ್ತಿತ್ತು; ಭಾನುವಾರದ ರಜೆಯಲ್ಲಿ ಆ ಒಗ್ಗಿಕೆ ತಪ್ಪಿ ಸೋಮವಾರ ಮತ್ತೆ ಶುರುವಾಗುತ್ತಿತ್ತು. ಕೆಲವರು ರಜೆಯ ದಿನವೂ ಟೋಪಿಯ ಪಟ್ಟಿಗೆ ಒಂದಿಷ್ಟು ನೈಟ್ರೋಗ್ಲಿಸರಿನ್ ಸವರಿಕೊಂಡು ಓಡಾಡುತ್ತಿದ್ದರಂತೆ.

ಮೈಗ್ರೇನ್ ಕುರಿತ ದತ್ತಿ ಉಪನ್ಯಾಸವನ್ನು ಸಿಡಿಮದ್ದಿನ ಕಾರ್ಖಾನೆಯಿಂದ ಆರಂಭಿಸುವುದಕ್ಕೆ ಕಾರಣವಿದೆ. ನೈಟ್ರೋಗ್ಲಿಸರಿನ್ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಹಾಗಾಗಿ ತಲೆ ನೋಯುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಯೆಸ್ ಓಲೆಸೆನ್ ಮತ್ತು ಸಂಗಡಿಗರು ಇದನ್ನು ಅಳತೆಯಿಟ್ಟು ಪರೀಕ್ಷಿಸಿದರು. ಮೈಗ್ರೇನ್ ಇಲ್ಲದವರ ರಕ್ತಕ್ಕೆ ನೈಟ್ರೋಗ್ಲಿಸರಿನ್ನನ್ನೇ ಔಷಧವಾಗಿ ಹನಿಹನಿಯಾಗಿ ಬಿಟ್ಟಾಗ ಸಣ್ಣದೊಂದು ತಲೆನೋವು ಬಂದು, ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಹೋಯಿತು. ಮೈಗ್ರೇನ್ ಇದ್ದವರಿಗೂ ಮೊದಲು ಅದೇ ಸಣ್ಣ ನೋವು ಬಂದು ಇಳಿಯಿತು. ಅಸಲಿ ಮೈಗ್ರೇನ್ ಎದ್ದು ಕೂತದ್ದು ಆಮೇಲೆ, ನಾಲ್ಕೈದು ಗಂಟೆ ಕಳೆದ ಮೇಲೆ. ಅಷ್ಟು ಹೊತ್ತಿಗೆ ಔಷಧ ಮೈಯಿಂದ ಎಂದೋ ಇಳಿದುಹೋಗಿತ್ತು.

ಹಾಗಾದರೆ ಆ ನಾಲ್ಕೈದು ಗಂಟೆ ತಲೆಯೊಳಗೆ ನಡೆಯುತ್ತಿದ್ದುದೇನು?

ಅಮೆರಿಕದ ಹಾರ್ವರ್ಡ್‌ನಲ್ಲಿ ಮೈಕೆಲ್ ಮಾಸ್ಕೊವಿಟ್ಸ್ ಅವರ ಪ್ರಯೋಗಾಲಯ 2001ರಲ್ಲಿ ಇದಕ್ಕೆ ಉತ್ತರದ ಒಂದು ತುಂಡನ್ನು ಒದಗಿಸಿತು. ಇಲಿಗಳಿಗೆ ಇದೇ ಔಷಧ ಕೊಟ್ಟು ಮೆದುಳನ್ನು ಸುತ್ತಿದ ಪೊರೆಯನ್ನು ಗಂಟೆ ಗಂಟೆಗೂ ಪರೀಕ್ಷಿಸಿದಾಗ, ಮೊದಲ ಹೊತ್ತಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಕೆಲವು ಗಂಟೆಗಳ ಮೇಲೆ ಪೊರೆಯಲ್ಲಿ ಇಂಟರ್‌ಲ್ಯೂಕಿನ್ ಎಂಬ ಉರಿಯೂತದ ಪ್ರೋಟೀನು ಏರಿತು, ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ತಮ್ಮೊಳಗಿನ ರಾಸಾಯನಿಕಗಳನ್ನು ಹೊರಚೆಲ್ಲಿದವು, ಇನ್ನಷ್ಟು ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವೊಂದು ಎಚ್ಚೆತ್ತಿತು, ನಾಳಗಳಿಂದ ಪ್ಲಾಸ್ಮಾ ಜಿನುಗಿತು. ತಡವಾಗಿ ಬರುವ ಉರಿಯೂತ. ತಡವಾಗಿ ಬರುವ ಮೈಗ್ರೇನ್‌ಗೆ ಹೊಂದಿಕೊಳ್ಳುವ ಹೊತ್ತು.

ಮೈಗ್ರೇನ್ ನಮ್ಮ ನಾಡಿಗೆ ದೂರದ ಸಂಗತಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 18ರಿಂದ 65 ವರ್ಷದ 2,329 ಜನರನ್ನು ಮಾತಾಡಿಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಮೈಗ್ರೇನ್ ಅನುಭವಿಸಿದವರು ಶೇ 25.2. ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಒತ್ತಡದ ನಗರಜೀವನದ ಕಾಯಿಲೆ ಎಂದು ಮೈಗ್ರೇನ್ ಬಗ್ಗೆ ಟಿ.ವಿ.ಯಲ್ಲಿ ಮಾತಾಡುವವರು ಈ ಕೊನೆಯ ಅಂಶವನ್ನು ಒಮ್ಮೆ ಓದಬೇಕು. ಹಳ್ಳಿಯ ಹೆಣ್ಣುಮಗಳೊಬ್ಬಳು ತಲೆಗೆ ಬಟ್ಟೆ ಬಿಗಿದು ಕತ್ತಲೆ ಕೋಣೆಯಲ್ಲಿ ಮಲಗಿದರೆ ಮನೆಯವರು ಪಿತ್ತ ಎನ್ನುತ್ತಾರೆ, ಮೆಡಿಕಲ್ ಶಾಪಿನವನು ಗ್ಯಾಸ್ಟ್ರಿಕ್ ಎನ್ನುತ್ತಾನೆ, ಪಕ್ಕದ ಮನೆಯವರು ಕನ್ನಡಕ ಹಾಕಿಸು ಎನ್ನುತ್ತಾರೆ. ಎಲ್ಲರೂ ಒಂದೊಂದು ಕಾರಣ ಹೇಳಿದ ಮೇಲೂ ಆಕೆಯ ಕಾಯಿಲೆಗೆ ಹೆಸರು ಸಿಕ್ಕಿರುವುದಿಲ್ಲ.

ಉರಿಯೂತ ಎಂದರೆ ವೈದ್ಯಶಾಸ್ತ್ರದಲ್ಲಿ ಹಳೆಯ ಲಕ್ಷಣಪಟ್ಟಿಯೊಂದಿದೆ. ರೋಮಿನ ಸೆಲ್ಸಸ್ ಎರಡು ಸಾವಿರ ವರ್ಷಗಳ ಹಿಂದೆ ಬರೆದದ್ದು: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಮುಳ್ಳು ಚುಚ್ಚಿ ಕೀವಾದ ಬೆರಳಿನಲ್ಲಿ ನಾಲ್ಕೂ ಕಾಣುತ್ತವೆ. ಮೈಗ್ರೇನ್ ರೋಗಿಯಲ್ಲಿ ಕಾಣುವುದು ಕೊನೆಯದೊಂದೇ. ಸ್ಕ್ಯಾನ್ ಮಾಡಿಸಿದರೆ ನಾರ್ಮಲ್, ರಕ್ತ ಪರೀಕ್ಷೆ ಮಾಡಿಸಿದರೆ ಬಹುಮಟ್ಟಿಗೆ ನಾರ್ಮಲ್. ಹಾಗಾಗಿಯೇ ಈ ನೋವನ್ನು ಸೋಗು ಎಂದು, ನರದೌರ್ಬಲ್ಯ ಎಂದು, ಮನಸ್ಸಿನ ಕಾಯಿಲೆ ಎಂದು ತಳ್ಳಿಹಾಕುವುದು ಸುಲಭವಾಯಿತು.

ಆದರೂ ಉರಿಯೂತದ ಗುಮಾನಿ ಹಳೆಯದು. ನ್ಯೂಯಾರ್ಕಿನ ಹೆರಾಲ್ಡ್ ವುಲ್ಫ್ ಸ್ವತಃ ಮೈಗ್ರೇನ್ ಅನುಭವಿಸುತ್ತಿದ್ದ ವೈದ್ಯ. 1938ರಲ್ಲಿ ಜಾನ್ ಗ್ರಹಾಂ ಜೊತೆ ಸೇರಿ, ಎರ್ಗೊಟಮಿನ್ ಎಂಬ ಔಷಧ ಕೊಟ್ಟಾಗ ಕಣತಲೆಯ ನಾಡಿಯ ಹೊಡೆತ ತಗ್ಗುವುದನ್ನೂ ಅದರೊಂದಿಗೇ ನೋವು ಇಳಿಯುವುದನ್ನೂ ದಾಖಲಿಸಿದ. ಮುಂದಿನ ಐವತ್ತು ವರ್ಷ ಮೈಗ್ರೇನ್ ಎಂದರೆ ಹಿಗ್ಗಿದ ರಕ್ತನಾಳ ಎಂದೇ ಪಠ್ಯಪುಸ್ತಕಗಳು ಕಲಿಸಿದವು. 1940ರಲ್ಲಿ ಆತ ಶಸ್ತ್ರವೈದ್ಯ ಬ್ರಾನ್ಸನ್ ರೇ ಜೊತೆ ಇನ್ನೊಂದು ಕೆಲಸ ಮಾಡಿದ. ಎಚ್ಚರವಿದ್ದ ರೋಗಿಗಳ ತಲೆಯ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಒಂದೊಂದು ಭಾಗವನ್ನೂ ಮುಟ್ಟಿ, ಎಲ್ಲಿ ನೋವಾಗುತ್ತದೆ ಎಂದು ಕೇಳಿ ಬರೆದುಕೊಂಡದ್ದು ಆ ಕೆಲಸ. ಮೆದುಳಿಗೆ ನೋವೇ ಆಗುವುದಿಲ್ಲ; ನೋಯುವುದು ಅದರ ಹೊರಪೊರೆ ಮತ್ತು ಆ ಪೊರೆಯ ದೊಡ್ಡ ನಾಳಗಳು. ಮೈಗ್ರೇನ್ ಸಂಶೋಧನೆಗೆ ಇಂದಿಗೂ ಇದು ಅಡಿಪಾಯ.

ವುಲ್ಫ್‌ನ ಮೂರನೆಯ ಕೆಲಸವನ್ನು ಮಾತ್ರ ಜನ ಮರೆತರು. 1960ರಲ್ಲಿ ಆತನ ತಂಡ, ತಲೆನೋವಿನ ಹೊತ್ತಿನಲ್ಲಿ ರೋಗಿಗಳ ನೆತ್ತಿಯ ಚರ್ಮದಡಿಯಿಂದ ದ್ರವ ತೆಗೆದು ಪರೀಕ್ಷಿಸಿತು. ನೋವಿನ ಹೊಸ್ತಿಲನ್ನು ತಗ್ಗಿಸುವ, ನಾಳಗಳನ್ನು ಹಿಗ್ಗಿಸುವ ಪದಾರ್ಥವೊಂದು ಅದರಲ್ಲಿತ್ತು. ನರಗಳೇ ಇದನ್ನು ಸುರಿಸುತ್ತಿರಬಹುದು, ಇದೊಂದು ಬಗೆಯ ಸೂಕ್ಷ್ಮಾಣುವಿಲ್ಲದ ಉರಿಯೂತ ಎಂದು ಅವರು ಊಹಿಸಿದರು. ಆ ಪದಾರ್ಥ ಯಾವುದೆಂದು ಹಿಡಿಯುವ ಉಪಕರಣ ಆಗ ಇರಲಿಲ್ಲ. ವುಲ್ಫ್ 1962ರಲ್ಲಿ ತೀರಿಕೊಂಡ.

ಮಾಸ್ಕೊವಿಟ್ಸ್ ಆ ಎಳೆಯನ್ನು ಮತ್ತೆ ಎತ್ತಿಕೊಂಡದ್ದು 1979ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯ ಒಂದು ಲೇಖನದಲ್ಲಿ. ಹಣೆ, ಕೆನ್ನೆ, ದವಡೆಗಳ ಸ್ಪರ್ಶ ಮತ್ತು ನೋವನ್ನು ಹೊರುವ ಟ್ರೈಜೆಮಿನಲ್ ನರದ ಒಳಗಿನ ಎಳೆಗಳು ಮೆದುಳ ಪೊರೆಯ ನಾಳಗಳನ್ನು ಸುತ್ತಿಕೊಂಡಿರುತ್ತವೆ. ಈ ಎಳೆಗಳು ನೋವಿನ ಸುದ್ದಿ ಒಯ್ಯುವುದಷ್ಟೇ ಅಲ್ಲದೆ ತುದಿಯಿಂದ ರಾಸಾಯನಿಕಗಳನ್ನೂ ಚೆಲ್ಲುತ್ತವೆ ಎಂಬುದು ಅವರ ವಾದ. ಸಾಮಾನ್ಯ ಉರಿಯೂತದಲ್ಲಿ ಮೊದಲು ಗಾಯ, ಆಮೇಲೆ ನರದ ಕೂಗು. ಇಲ್ಲಿ ಅನುಕ್ರಮವೇ ತಿರುಗುಮುರುಗು: ಗಾಯವಿಲ್ಲ, ನರವೇ ಉರಿ ಹಚ್ಚುತ್ತದೆ. ನಾಳ ಹಿಗ್ಗುತ್ತದೆ, ಪ್ಲಾಸ್ಮಾ ಜಿನುಗುತ್ತದೆ, ಮಾಸ್ಟ್ ಕೋಶಗಳು ಹಿಸ್ಟಮಿನ್ ಸುರಿಸುತ್ತವೆ. ಅದು ಮತ್ತೆ ಅದೇ ನರವನ್ನು ಕೆರಳಿಸುತ್ತದೆ. ತಲೆ ಬಗ್ಗಿಸಿದರೆ, ಮೆಟ್ಟಿಲು ಹತ್ತಿದರೆ, ಕೆಮ್ಮಿದರೆ ನೋವು ಮಿಡಿದು ಏರುವುದು ಹೀಗೆ ಸೂಕ್ಷ್ಮವಾಗಿಬಿಟ್ಟ ನರಗಳಿಂದ.

ನರಕ್ಕೆ ಕಿಡಿ ತಾಕಿಸುವುದು ಯಾವುದು? ಇದರ ಉತ್ತರ ಸಿಕ್ಕಿದ್ದು ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆಗಳ ಬೆನ್ನು ಹತ್ತಿದವರಿಂದ. ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲಿ ತನ್ನದೇ ಮೈಗ್ರೇನ್‌ಗೆ ಮುಂಚೆ ಕಾಣುವ ಆ ಗೆರೆಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಂಡು, ಮೆದುಳಿನ ದೃಷ್ಟಿಭಾಗದ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಿಯುತ್ತಿದೆ ಎಂದು 1941ರಲ್ಲಿ ಲೆಕ್ಕ ಹಾಕಿದ. ಮೂರು ವರ್ಷಗಳ ಮೇಲೆ, ಮೂರ್ಛೆರೋಗ ಅಧ್ಯಯನ ಮಾಡಲು ಹೊರಟ ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವೊ, ಮೊಲದ ಮೆದುಳಿನ ಮೇಲೆ ಅಷ್ಟೇ ನಿಧಾನವಾಗಿ ತೆವಳುವ ವಿದ್ಯುತ್ ಮೌನದ ಅಲೆಯನ್ನು ಕಂಡ. ಎರಡೂ ಒಂದೇ ಇರಬಹುದೆಂದು ಹೇಳಲು ಪೀಟರ್ ಮಿಲ್ನರ್ 1958ರಲ್ಲಿ ಬರಬೇಕಾಯಿತು. 2002ರಲ್ಲಿ ಹೈರುನ್ನಿಸಾ ಬೊಲಾಯ್ ಮತ್ತು ಸಂಗಡಿಗರು, ಇಲಿಯ ಮೆದುಳಿನ ಮೇಲೆ ಈ ಅಲೆ ಹಾದುಹೋದ ಬಳಿಕ ಪೊರೆಯ ಟ್ರೈಜೆಮಿನಲ್ ಎಳೆಗಳು ಎಚ್ಚರಗೊಂಡು ಪೊರೆಯ ನಾಳಗಳು ಹಿಗ್ಗಿ ಜಿನುಗುವುದನ್ನು ತೋರಿಸಿದರು.

2013ರಲ್ಲಿ ಟರ್ಕಿಯ ಅಂಕಾರಾದ ಹಾಜೆತೆಪೆ ವಿಶ್ವವಿದ್ಯಾಲಯದಲ್ಲಿ ತುರ್ಗಾಯ್ ದಲ್ಕಾರಾ ತಂಡ ನಡುವಿನ ಮೆಟ್ಟಿಲುಗಳನ್ನು ಬಿಡಿಸಿಟ್ಟಿತು. ಅಲೆ ಹಾದಾಗ ದಣಿದ ನರಕೋಶಗಳ ಗೋಡೆಯಲ್ಲಿ ಪ್ಯಾನೆಕ್ಸಿನ್ ಎಂಬ ದೊಡ್ಡ ರಂಧ್ರಗಳು ತೆರೆದುಕೊಳ್ಳುತ್ತವೆ. ಕೋಶದೊಳಗೆ ಉರಿಯೂತದ ಕಿಣ್ವ ಚಾಲೂ ಆಗುತ್ತದೆ. ಎಚ್‌ಎಂಜಿಬಿ1 ಎಂಬ ಅಪಾಯಸೂಚಕ ಪ್ರೋಟೀನು ಹೊರಬೀಳುತ್ತದೆ. ಪಕ್ಕದ ನಕ್ಷತ್ರಾಕಾರದ ಪೋಷಕ ಕೋಶಗಳು ಆ ಸುದ್ದಿ ಹಿಡಿದು ನೋವು ಕೆರಳಿಸುವ ಪ್ರೋಸ್ಟಗ್ಲಾಂಡಿನ್ ಮತ್ತು ನೈಟ್ರಿಕ್ ಆಕ್ಸೈಡ್‌ಗಳನ್ನು ಮೆದುಳಿನ ಮೇಲ್ಮೈಗೆ, ನರದ ಎಳೆಗಳು ಹರಡಿರುವಲ್ಲಿಗೆ, ಬಿಡುತ್ತವೆ. ಈ ಸರಪಳಿಯನ್ನು ನಡುವೆ ಕಡಿದಾಗ ಇಲಿಗಳಲ್ಲಿ ನೋವಿನ ಲಕ್ಷಣಗಳು ಕಡಿಮೆಯಾದವು. 2024ರಲ್ಲಿ ಕೋಪನ್‌ಹೇಗನ್‌ನ ಮೈಕೆನ್ ನೆಡರ್‌ಗಾರ್ಡ್ ತಂಡ ಮತ್ತೊಂದು ದಾರಿಯನ್ನು ತೋರಿಸಿತು: ಅಲೆಯ ಬಳಿಕ ಮೆದುಳಿನಿಂದ ಬಿಡುಗಡೆಯಾದ ಪ್ರೋಟೀನುಗಳು ಮೆದುಳ ದ್ರವದಲ್ಲಿ ತೇಲಿ ನೇರವಾಗಿ ಟ್ರೈಜೆಮಿನಲ್ ನರದ ಗಂಟನ್ನು ತಲುಪುತ್ತವೆ.

ಇಲ್ಲಿ ತುಸು ತಡೆದು ನೋಡಬೇಕು. ಇದೆಲ್ಲ ಇಲಿಯ ಮಾತು. ಅಲ್ಲದೆ ಮಿಂಚುಗೆರೆ ಕಾಣುವುದು ಮೈಗ್ರೇನ್ ಇರುವವರಲ್ಲಿ ಮೂರನೇ ಒಂದು ಭಾಗಕ್ಕೂ ಮೀರದ ಮಂದಿಗೆ. ಉಳಿದವರಲ್ಲಿ ಕಿಡಿ ಎಲ್ಲಿಂದ ಬರುತ್ತದೆ ಎಂಬುದು ಇತ್ಯರ್ಥವಾಗಿಲ್ಲ. ಮನುಷ್ಯರಲ್ಲಿ ಸಿಕ್ಕ ಹತ್ತಿರದ ಸಾಕ್ಷ್ಯವೆಂದರೆ, ಬಾಸ್ಟನ್ನಿನ ನೂಶಿನ್ ಹಜಿಖಾನಿ ಮತ್ತು ಸಂಗಡಿಗರು 2019ರಲ್ಲಿ ಪೆಟ್ ಸ್ಕ್ಯಾನಿನಲ್ಲಿ ಕಂಡದ್ದು: ಮಿಂಚುಗೆರೆಯ ಮೈಗ್ರೇನ್ ಇರುವವರ ಮೆದುಳಿನ ದೃಷ್ಟಿಭಾಗ ಮತ್ತು ನೋವಿನ ಭಾಗಗಳಲ್ಲಿ ಪೋಷಕ ಕೋಶಗಳು ಕೆರಳಿದ ಗುರುತು. ರೋಗಿಗಳ ಸಂಖ್ಯೆ ಚಿಕ್ಕದು, ಗುರುತು ಮಾತ್ರ ಸ್ಪಷ್ಟ.

ವುಲ್ಫ್ ಹುಡುಕುತ್ತಿದ್ದ ಪದಾರ್ಥಕ್ಕೆ ಬರೋಣ. 1980ರ ದಶಕದಲ್ಲಿ ಬಹುಪಾಲು ಸಂಶೋಧಕರು ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕವೇ ಅಪರಾಧಿ ಎಂದು ನಂಬಿದ್ದರು. ಸ್ವೀಡನ್ನಿನ ಲಾರ್ಸ್ ಎಡ್ವಿನ್ಸನ್ ಮತ್ತು ಆಸ್ಟ್ರೇಲಿಯದ ಪೀಟರ್ ಗೋಡ್ಸ್‌ಬಿ ಇಬ್ಬರೂ ಇನ್ನೊಂದರ ಮೇಲೆ ಕಣ್ಣಿಟ್ಟಿದ್ದರು. ಅದು ನರಗಳು ಚೆಲ್ಲುವ, 37 ಅಮೈನೊ ಆಮ್ಲಗಳ ಸಿಜಿಆರ್‌ಪಿ. ಮೈಗ್ರೇನ್ ಬಂದ ಹೊತ್ತಿನಲ್ಲೇ ರೋಗಿಯ ಕೊರಳ ನಾಳದಿಂದ ರಕ್ತ ತೆಗೆದು ಅಳೆದಾಗ ಸಿಜಿಆರ್‌ಪಿ ಏರಿತ್ತು, ಸಬ್‌ಸ್ಟೆನ್ಸ್ ಪಿ ಏರಿರಲಿಲ್ಲ. ಇದು 1990ರ ಮಾತು. 2002ರಲ್ಲಿ ಕೋಪನ್‌ಹೇಗನ್ ತಂಡ ಸಿಜಿಆರ್‌ಪಿಯನ್ನೇ ರಕ್ತಕ್ಕೆ ಬಿಟ್ಟು ಮೈಗ್ರೇನ್ ಬರಿಸಿತು. 2004ರಲ್ಲಿ ಅದನ್ನು ತಡೆಯುವ ಔಷಧ ನೋವು ಇಳಿಸಿತು. 2018ರ ಮೇ ತಿಂಗಳಲ್ಲಿ ಸಿಜಿಆರ್‌ಪಿಯ ಗ್ರಾಹಕವನ್ನು ಮುಚ್ಚುವ ಎರೆನುಮ್ಯಾಬ್ ಎಂಬ ಪ್ರತಿಕಾಯದ ಚುಚ್ಚುಮದ್ದಿಗೆ ಅಮೆರಿಕ ಅನುಮತಿ ಕೊಟ್ಟಿತು. ಮೈಗ್ರೇನ್ ತಡೆಗೆಂದೇ ಬುಡದಿಂದ ವಿನ್ಯಾಸ ಮಾಡಿದ ಮೊದಲ ಔಷಧ ವರ್ಗವಿದು. ಅದಕ್ಕೆ ಮುಂಚಿನ ತಡೆ ಔಷಧಗಳಲ್ಲಿ ಬಹುಪಾಲು ರಕ್ತದೊತ್ತಡಕ್ಕೋ ಮೂರ್ಛೆಗೋ ಖಿನ್ನತೆಗೋ ಹುಟ್ಟಿ ಮೈಗ್ರೇನ್‌ಗೂ ಒದಗಿದವು. ಎಡ್ವಿನ್ಸನ್, ಗೋಡ್ಸ್‌ಬಿ, ಮಾಸ್ಕೊವಿಟ್ಸ್, ಓಲೆಸೆನ್ ನಾಲ್ವರಿಗೂ 2021ರಲ್ಲಿ ಬ್ರೇನ್ ಪ್ರೈಜ್ ಬಂತು.

ಈ ಪ್ರತಿಕಾಯಗಳು ದೊಡ್ಡ ಅಣುಗಳು; ಮೆದುಳಿನೊಳಗೆ ಹೆಚ್ಚೇನೂ ಇಳಿಯಲಾರವು. ಆದರೂ ಕೆಲಸ ಮಾಡುತ್ತವೆ. ಅಂದರೆ ನೋವಿನ ಕಾರ್ಖಾನೆಯ ಮುಖ್ಯ ಭಾಗ ಮೆದುಳಿನ ಹೊರಗೆ, ಪೊರೆಯಲ್ಲಿ ಮತ್ತು ನರದ ಗಂಟಿನಲ್ಲಿ ಇದೆ ಎಂದಾಯಿತು. ಅಷ್ಟಾಗಿಯೂ ಇದು ರಾಮಬಾಣವಲ್ಲ. 2017ರಲ್ಲಿ ಪ್ರಕಟವಾದ ಎರೆನುಮ್ಯಾಬ್‌ನ ದೊಡ್ಡ ಪ್ರಯೋಗದಲ್ಲಿ ಮೈಗ್ರೇನ್ ದಿನಗಳು ಅರ್ಧಕ್ಕೆ ಇಳಿದದ್ದು ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ 50ರಷ್ಟು ಮಂದಿಗೆ, ಹುಸಿಮದ್ದು ಪಡೆದವರಲ್ಲಿ ಶೇ 26.6ರಷ್ಟು ಮಂದಿಗೆ. ಉಳಿದರ್ಧದವರ ತಲೆಯಲ್ಲಿ ಬೇರೆ ಯಾವುದೋ ರಾಸಾಯನಿಕ ಕೆಲಸ ಮಾಡುತ್ತಿರಬಹುದು.

ಗೆದ್ದ ಔಷಧಗಳಿಗಿಂತ ಸೋತ ಔಷಧಗಳು ಹೆಚ್ಚು ಪಾಠ ಹೇಳುತ್ತವೆ ಎಂಬುದು ಈ ಉಪನ್ಯಾಸದ ಒಂದು ನಿಲುವು. ಪೊರೆಯಲ್ಲಿ ಪ್ಲಾಸ್ಮಾ ಜಿನುಗುವುದನ್ನು ಇಲಿಯಲ್ಲಿ ಚೆನ್ನಾಗಿ ತಡೆದ ಔಷಧಗಳು ಒಂದರ ಹಿಂದೊಂದು ಬಂದವು. ಸಬ್‌ಸ್ಟೆನ್ಸ್ ಪಿ ತಡೆಯುವ ಲಾನೆಪಿಟಂಟ್, ನಾಳಗಳ ಮೇಲೆ ಕೆಲಸ ಮಾಡುವ ಬೊಸೆಂಟಾನ್, ಎಲ್ಲವೂ ರೋಗಿಗಳಲ್ಲಿ ಮಕಾಡೆ ಮಲಗಿದವು. ಉರಿಯೂತದ ಹೊತ್ತಿನಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವವನ್ನು ಮಾತ್ರ ತಡೆಯುವ ಔಷಧವೂ ಸೋತಿತು, ನೈಟ್ರೋಗ್ಲಿಸರಿನ್ ಇಲಿಗಳ ಕಥೆ ಅಷ್ಟು ಸೊಗಸಾಗಿದ್ದರೂ. ಅತ್ತ ಪ್ರೋಸ್ಟಗ್ಲಾಂಡಿನ್ ತಡೆಯುವ ಆಸ್ಪಿರಿನ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್‌ಗಳು ನೋವು ಬಂದ ಕೂಡಲೇ ತಕ್ಕ ಪ್ರಮಾಣದಲ್ಲಿ ತೆಗೆದುಕೊಂಡರೆ ಎಷ್ಟೋ ಜನಕ್ಕೆ ಸಾಕಾಗುತ್ತವೆ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಕೀಲುನೋವಿನ ಸೆಲೆಕಾಕ್ಸಿಬ್ ಔಷಧವನ್ನು ಕುಡಿಯುವ ದ್ರವವಾಗಿ ಮಾಡಿ ಮೈಗ್ರೇನ್‌ಗೆಂದೇ 2020ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ತುರ್ತು ವಿಭಾಗದಲ್ಲಿ ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಆ ಕ್ಷಣದ ನೋವನ್ನು ಇಳಿಸುವುದಕ್ಕಿಂತ, ಇಳಿದ ನೋವು ಎರಡು ಮೂರು ದಿನಗಳಲ್ಲಿ ಮರುಕಳಿಸುವುದನ್ನು ತಡೆಯುತ್ತದೆ. ಈ ಸೋಲು ಗೆಲುವುಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುವುದಿಷ್ಟು: ಮೈಗ್ರೇನ್‌ನಲ್ಲಿ ಉರಿಯೂತವಿದೆ, ಆದರೆ ಅದರ ಪ್ರತಿಯೊಂದು ಅಂಗವೂ ನೋವಿಗೆ ಹೊಣೆಯಲ್ಲ. ಮೈಗ್ರೇನ್‌ಗೆ ಉರಿಯೂತವೇ ಕಾರಣ, ಆದ್ದರಿಂದ ಉರಿಯೂತ ತಗ್ಗಿಸುವ ಕಷಾಯ ಕುಡಿಯಿರಿ ಎಂದು ಮೊಬೈಲಿನಲ್ಲಿ ಉಪದೇಶ ಮಾಡುವವರು ಈ ಸೋಲುಗಳ ಪಟ್ಟಿಯನ್ನು ನೋಡಿದಂತಿಲ್ಲ.

ಉತ್ಕರ್ಷಣದ ಒತ್ತಡದ ಕಥೆ ಇದಕ್ಕಿಂತ ಹೆಚ್ಚು ಆಕರ್ಷಕ, ಸಾಕ್ಷ್ಯದಲ್ಲಿ ಹೆಚ್ಚು ದುರ್ಬಲ. ದೇಹದ ತೂಕದಲ್ಲಿ ಶೇ 2ರಷ್ಟಿರುವ ಮೆದುಳು ದೇಹ ಬಳಸುವ ಆಮ್ಲಜನಕದ ಸುಮಾರು ಶೇ 20ನ್ನು ತಾನೇ ಬಳಸುತ್ತದೆ. ಕೋಶಗಳೊಳಗಿನ ಮೈಟೊಕಾಂಡ್ರಿಯಗಳು ಆಮ್ಲಜನಕದಿಂದ ಶಕ್ತಿ ತೆಗೆಯುವಾಗ ಒಂದಿಷ್ಟು ಚುರುಕಿನ, ಎದುರಿಗೆ ಸಿಕ್ಕಿದ್ದನ್ನು ಕಚ್ಚುವ ಅಣುಗಳು ಹುಟ್ಟುತ್ತವೆ. ಅವನ್ನು ತಣಿಸುವ ವ್ಯವಸ್ಥೆ ಕೋಶದಲ್ಲೇ ಇದೆ. ಹುಟ್ಟು ಹೆಚ್ಚಾಗಿ ತಣಿಸುವ ಶಕ್ತಿ ಸಾಲದಾದಾಗ ಅದು ಉತ್ಕರ್ಷಣದ ಒತ್ತಡ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಬೊರ್ಕಮ್ 2016ರಲ್ಲಿ ಒಂದು ಸರಳ ಕೆಲಸ ಮಾಡಿದ. ಮೈಗ್ರೇನ್ ತರಿಸುತ್ತವೆ ಎಂದು ರೋಗಿಗಳು ಹೇಳುವ ಕಾರಣಗಳ ಪಟ್ಟಿ ಮಾಡಿ, ಒಂದೊಂದೂ ಮೆದುಳಿನಲ್ಲಿ ಉತ್ಕರ್ಷಣದ ಒತ್ತಡವನ್ನು ಹೆಚ್ಚಿಸುತ್ತದೆಯೇ ಎಂದು ಹಳೆಯ ಪ್ರಯೋಗಗಳನ್ನು ಜಾಲಾಡಿದ. ನಿದ್ದೆಗೇಡು, ಉಪವಾಸ, ಗದ್ದಲ, ಮದ್ಯ, ವಾಯುಮಾಲಿನ್ಯ, ಮಾನಸಿಕ ಒತ್ತಡ: ಒಂದಕ್ಕೊಂದು ನಂಟಿಲ್ಲದ ಇವುಗಳಲ್ಲಿ ಬಹುಪಾಲು ಆ ಒತ್ತಡವನ್ನು ಏರಿಸುತ್ತವೆ ಎಂದು ಕಂಡುಬಂತು. ಏಕಾದಶಿಯ ನಿರಾಹಾರದ ಸಂಜೆ, ಮದುವೆಮನೆಯ ನಿದ್ದೆಗೆಟ್ಟ ರಾತ್ರಿಯ ಮಾರನೆಯ ದಿನ ತಲೆ ಹಿಡಿದುಕೊಂಡು ಕೂರುವವರಿಗೆ ಈ ಪಟ್ಟಿ ಪರಿಚಿತವೇ.

ಒತ್ತಡದಿಂದ ನೋವಿಗೆ ದಾಟುವ ಸೇತುವೆ ನರದ ತುದಿಯಲ್ಲಿರುವ ಟಿಆರ್‌ಪಿಎ1 ಎಂಬ ಬಾಗಿಲು ಇರಬಹುದು. ಸಾಸಿವೆ, ಹಸಿ ಬೆಳ್ಳುಳ್ಳಿ, ದಾಲ್ಚಿನ್ನಿಗಳ ಘಾಟು ನಮಗೆ ತಟ್ಟುವುದು ಇದರ ಮೂಲಕವೇ. ಉತ್ಕರ್ಷಕ ಅಣುಗಳೂ ಇದನ್ನು ತೆರೆಯುತ್ತವೆ. ತೆರೆದರೆ ಟ್ರೈಜೆಮಿನಲ್ ನರ ಸಿಜಿಆರ್‌ಪಿ ಚೆಲ್ಲುತ್ತದೆ. ಅಲ್ಲಿಂದ ಮುಂದಿನದು ಮೇಲೆ ಹೇಳಿದ ಕಥೆಯೇ. ಕ್ಯಾಲಿಫೋರ್ನಿಯದ ಬೇ ಲಾರೆಲ್ ಮರವನ್ನು ಅಲ್ಲಿಯ ಜನ ತಲೆನೋವಿನ ಮರ ಎಂದು ಕರೆಯುತ್ತಾರೆ. ಅದರ ಎಲೆಯ ವಾಸನೆಯಲ್ಲಿರುವ ಅಂಬೆಲ್ಯುಲೋನ್ ಇದೇ ಬಾಗಿಲನ್ನು ತಟ್ಟುತ್ತದೆ ಎಂದು ಇಟಲಿಯ ಫ್ಲಾರೆನ್ಸ್‌ನ ಸಂಶೋಧಕರು 2012ರಲ್ಲಿ ತೋರಿಸಿದರು. ಯೂರೋಪಿನಲ್ಲಿ ತಲೆನೋವಿಗೆ ಅಗಿಯುತ್ತಿದ್ದ ಫೀವರ್‌ಫ್ಯೂ ಗಿಡದ ಸತ್ವ ಈ ಬಾಗಿಲನ್ನು ತುಸುವೇ ತೆರೆದು ಆಮೇಲೆ ದಣಿಸಿಬಿಡುತ್ತದೆ. ಕಾದು ಹೊಗೆಯಾಡುವ ಒಗ್ಗರಣೆ ಎಣ್ಣೆಯಲ್ಲಿ, ಸೌದೆ ಒಲೆಯ ಹೊಗೆಯಲ್ಲಿ, ಸಿಗರೇಟಿನಲ್ಲಿ ಇರುವ ಅಕ್ರೋಲಿನ್, ಊದುಬತ್ತಿಯ ಹೊಗೆಯಲ್ಲಿರುವ ಫಾರ್ಮಾಲ್ಡಿಹೈಡ್, ಇವೂ ಟಿಆರ್‌ಪಿಎ1ಅನ್ನು ಕೆರಳಿಸುವಂಥವು. ಹಳ್ಳಿಯಲ್ಲಿ ಮೈಗ್ರೇನ್ ಹೆಚ್ಚಿರುವುದಕ್ಕೆ ಒಲೆಯ ಹೊಗೆಯೇ ಕಾರಣ ಎಂದು ಜಿಗಿಯುವುದು ಬೇಡ. ನಿಮ್ಹಾನ್ಸ್ ಸಮೀಕ್ಷೆ ಅಂಥ ಮಾತಿಗೆ ಆಧಾರ ಕೊಡುವುದಿಲ್ಲ. ಆದರೆ ಯಾರಾದರೂ ಕೈಗೆತ್ತಿಕೊಳ್ಳಬೇಕಾದ ಪ್ರಶ್ನೆಯಂತೂ ಹೌದು.

ಈ ವಾದದ ಬಲೆಗೆ ಬೀಳದ ಕಾರಣಗಳೂ ಇವೆ. ಮುಂಬೈಯ ತಲೆನೋವು ತಜ್ಞ ಕೆ. ರವಿಶಂಕರ್ 2006ರಲ್ಲಿ, ತಲೆಸ್ನಾನ ಮಾಡಿದರೆ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ಬಗ್ಗೆ ಬರೆದರು. ಉದ್ದ ಕೂದಲು ಒದ್ದೆಯಾದರೆ ತಲೆ ನೋಯುತ್ತದೆ ಎಂದು ನಮ್ಮ ಮನೆಗಳ ಹೆಂಗಸರು ಹೇಳುತ್ತ ಬಂದದ್ದು ಹಾಗೆ ವಿದೇಶಿ ಪತ್ರಿಕೆಯೊಂದರಲ್ಲಿ ದಾಖಲಾಯಿತು. ಒದ್ದೆ ಕೂದಲಿಗೂ ಉತ್ಕರ್ಷಣಕ್ಕೂ ಏನು ಸಂಬಂಧ? ಯಾರೂ ತೋರಿಸಿಲ್ಲ. ಇನ್ನು ರೋಗಿಗಳ ರಕ್ತವನ್ನೇ ನೋಡೋಣ ಎಂದರೆ ಅಲ್ಲೂ ಗೊಂದಲ. ಉತ್ಕರ್ಷಕಗಳನ್ನು ತಣಿಸುವ ಕಿಣ್ವವೊಂದು ಮಿಂಚುಗೆರೆಯ ಮೈಗ್ರೇನ್ ಇರುವವರ ರಕ್ತಫಲಕಗಳಲ್ಲಿ ಕಡಿಮೆ ಇದೆ ಎಂದು ಜಪಾನಿನ ವೈದ್ಯರು 1994ರಲ್ಲಿ ಬರೆದರು. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಹೌದೆಂದವು, ಕೆಲವು ಇಲ್ಲವೆಂದವು. ರಕ್ತ ಪರೀಕ್ಷೆಯಿಂದ ಮೈಗ್ರೇನ್ ಪತ್ತೆ ಮಾಡುವುದು ಇವತ್ತಿಗೂ ಸಾಧ್ಯವಿಲ್ಲ.

ಆದರೂ ಮಾತ್ರೆಗಳು ಮಾರಾಟವಾಗುತ್ತಿವೆ. ಅದಕ್ಕೆ ಮೂಲ ಬೆಲ್ಜಿಯಂನ ಜಾನ್ ಶೋನನ್ 1998ರಲ್ಲಿ ಪ್ರಕಟಿಸಿದ ಪ್ರಯೋಗ. ಮೈಟೊಕಾಂಡ್ರಿಯಗಳಿಗೆ ನೆರವಾಗುವ ರೈಬೊಫ್ಲೇವಿನ್, ಅಂದರೆ ಬಿ2 ಜೀವಸತ್ವವನ್ನು ದಿನಕ್ಕೆ 400 ಮಿಲಿಗ್ರಾಂನಂತೆ ಮೂರು ತಿಂಗಳು ಕೊಟ್ಟಾಗ ಶೇ 59 ಮಂದಿಗೆ ಮೈಗ್ರೇನ್ ಅರ್ಧಕ್ಕೆ ಇಳಿಯಿತು. ಹುಸಿಮಾತ್ರೆ ನುಂಗಿದವರಲ್ಲಿ ಶೇ 15 ಮಂದಿಗೆ. ಅದ್ಭುತ ಅಂಕಿಗಳು. ಆದರೆ ಭಾಗವಹಿಸಿದವರು 55 ಜನ. ದೇಹಕ್ಕೆ ಬೇಕಾದದ್ದು ದಿನಕ್ಕೆ ಒಂದೆರಡು ಮಿಲಿಗ್ರಾಂ. 400 ನುಂಗಿದರೆ ಮೂತ್ರ ಹಳದಿ ಹಳದಿಯಾಗಿ ಯಾರಿಗೆ ಅಸಲಿ ಮಾತ್ರೆ ಸಿಕ್ಕಿದೆ ಎಂಬ ಗುಟ್ಟು ಬಚ್ಚಲಲ್ಲೇ ಬಯಲಾಗುತ್ತದೆ. ಇದನ್ನು ಮನಗಂಡ ಅಮೆರಿಕದ ಸಂಶೋಧಕರು 2004ರಲ್ಲಿ ಒಂದು ಗುಂಪಿಗೆ ರೈಬೊಫ್ಲೇವಿನ್ 400 ಮಿಲಿಗ್ರಾಂ, ಮೆಗ್ನೀಸಿಯಂ ಮತ್ತು ಫೀವರ್‌ಫ್ಯೂ ಮೂರನ್ನೂ ಕೊಟ್ಟು, ಇನ್ನೊಂದಕ್ಕೆ ಮೂತ್ರ ಹಳದಿಯಾಗಲಿ ಎಂದಷ್ಟೇ 25 ಮಿಲಿಗ್ರಾಂ ರೈಬೊಫ್ಲೇವಿನ್ ಕೊಟ್ಟರು. ಮೊದಲ ಗುಂಪಿನಲ್ಲಿ ಶೇ 42, ಎರಡನೆಯದರಲ್ಲಿ ಶೇ 44 ಮಂದಿಗೆ ಮೈಗ್ರೇನ್ ಅರ್ಧಕ್ಕೆ ಇಳಿಯಿತು! ಕೋಎಂಜೈಮ್ ಕ್ಯೂ10 ಬಗ್ಗೆ 2005ರಲ್ಲಿ 42 ಜನರ ಪ್ರಯೋಗವೊಂದು ಒಳ್ಳೆಯ ಫಲ ಕೊಟ್ಟಿತು. ಮಕ್ಕಳಲ್ಲಿ ನಡೆದ ಪ್ರಯೋಗದ ಕೊನೆಯಲ್ಲಿ ಹುಸಿಮಾತ್ರೆಗಿಂತ ಮೇಲಾಗಿ ಕಾಣಲಿಲ್ಲ. ಮೆಗ್ನೀಸಿಯಂನದೂ ಅರೆಬರೆ ಕಥೆ. ಇವು ಅಗ್ಗ, ಬಹುಮಟ್ಟಿಗೆ ನಿರಪಾಯ. ವೈದ್ಯರು ಮೂರು ತಿಂಗಳು ಪ್ರಯತ್ನಿಸಿ ನೋಡಿ ಎಂದರೆ ತಪ್ಪಿಲ್ಲ. ಉತ್ಕರ್ಷಣದ ವಾದವನ್ನು ಇವು ಸಾಬೀತು ಮಾಡಿವೆ ಎನ್ನುವುದು ಮಾತ್ರ ಉತ್ಪ್ರೇಕ್ಷೆ.

ಊಟದ ವಿಷಯದಲ್ಲಿ ಗಟ್ಟಿಯಾದ ಸಾಕ್ಷ್ಯ ಒಂದಿದೆ. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ, 182 ಜನರ ಮೇಲೆ 16 ವಾರ ನಡೆದ ಪ್ರಯೋಗ. ಮೀನಿನ ಒಮೆಗಾ-3 ಕೊಬ್ಬನ್ನು ಹೆಚ್ಚಿಸಿ, ಬೀಜದ ಎಣ್ಣೆಗಳ ಲಿನೊಲಿಯಿಕ್ ಆಮ್ಲವನ್ನು ಇಳಿಸಿದವರಿಗೆ, ಎಂದಿನ ಕೊಬ್ಬಿನ ಊಟ ಮಾಡಿದವರಿಗೆ ಹೋಲಿಸಿದರೆ ತಿಂಗಳಿಗೆ ಸುಮಾರು ನಾಲ್ಕು ತಲೆನೋವಿನ ದಿನಗಳು ಕಡಿಮೆಯಾದವು. ದೇಹ ಈ ಎರಡು ಕೊಬ್ಬುಗಳಿಂದ ಬೇರೆಬೇರೆ ಅಣುಗಳನ್ನು ತಯಾರಿಸುತ್ತದೆ. ಕೆಲವು ಉರಿಯೂತವನ್ನು ಕೆರಳಿಸುತ್ತವೆ, ಕೆಲವು ತಣಿಸುತ್ತವೆ. ಬದುಕಿನ ಗುಣಮಟ್ಟ ಅಳೆಯುವ ಅಂಕ ಮಾತ್ರ ಖಚಿತವಾಗಿ ಸುಧಾರಿಸಲಿಲ್ಲ ಎಂಬುದನ್ನೂ ಹೇಳಬೇಕು. ಕರಾವಳಿಯ ಬಂಗುಡೆ, ಬೂತಾಯಿ ಈ ಒಮೆಗಾ-3 ಧಾರಾಳವಾಗಿರುವ ಮೀನುಗಳು. ನಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ಲಿನೊಲಿಯಿಕ್ ಆಮ್ಲದ ಆಗರ. ಇಲ್ಲಿಯ ಊಟದ ಮೇಲೆ ಇಂಥದ್ದೇ ಪ್ರಯೋಗ ನಡೆಸಲು ಬೇಕಾದ ಸಾಮಗ್ರಿಯೆಲ್ಲ ಕೈಗೆಟಕುವಲ್ಲೇ ಇದೆ. ದೆಹಲಿಯ ಏಮ್ಸ್ ಯೋಗದ ಬಗ್ಗೆ ಅಂಥದ್ದೊಂದು ಕೆಲಸ ಮಾಡಿದೆ. 2020ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಔಷಧದ ಜೊತೆ ಯೋಗ ಮಾಡಿದವರಿಗೆ ಔಷಧ ಮಾತ್ರ ಪಡೆದವರಿಗಿಂತ ಹೆಚ್ಚು ಗುಣ ಕಂಡಿತು.

ಹಾಗಾದರೆ ತೀರ್ಪೇನು? ನರ ಹಚ್ಚುವ ಉರಿಯೂತ ಮೈಗ್ರೇನ್‌ನ ನೋವಿನಲ್ಲಿ ಪಾಲುದಾರ ಎಂಬುದು ಸಿಜಿಆರ್‌ಪಿಯ ಮಟ್ಟಿಗೆ ರೋಗಿಗಳ ಮೇಲಿನ ಪ್ರಯೋಗಗಳಿಂದಲೇ ರುಜುವಾತಾಗಿದೆ. ಉತ್ಕರ್ಷಣದ ಒತ್ತಡ ಬಲವಾದ ಶಂಕಿತ; ಅಪರಾಧ ಸಾಬೀತಾಗಿಲ್ಲ. ಅದನ್ನು ತಡೆಯುವ ಔಷಧವೊಂದು ದೊಡ್ಡ ಪ್ರಯೋಗದಲ್ಲಿ ಗೆಲ್ಲುವ ತನಕ ಅದು ಶಂಕಿತನಾಗಿಯೇ ಉಳಿಯಬೇಕು.

ನಿಮ್ಮಲ್ಲಿ ಈ ನೋವು ಇರುವವರಿಗೆ ಕೆಲವು ಮಾತು. ನೋವು ನಿವಾರಕವನ್ನು ನೋವು ಹೆಪ್ಪುಗಟ್ಟುವ ಮುಂಚೆಯೇ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಸಾದಾ ಮಾತ್ರೆಯನ್ನು ತಿಂಗಳಿಗೆ 15 ದಿನ, ಮೈಗ್ರೇನ್‌ಗೆಂದೇ ಕೊಡುವ ಟ್ರಿಪ್ಟಾನ್, ಎರ್ಗೊಟ್ ಅಥವಾ ಹಲವು ಔಷಧ ಬೆರೆತ ಮಾತ್ರೆಯನ್ನು 10 ದಿನ ಮುಟ್ಟಿದರೆ ಮಾತ್ರೆಯೇ ತಲೆನೋವು ತರತೊಡಗುತ್ತದೆ. ದಿನ ಬರೆದಿಡಲು ಗೋಡೆಯ ಕ್ಯಾಲೆಂಡರ್ ಸಾಕು. ಸಿಡಿಲು ಬಡಿದಂತೆ ಒಮ್ಮೆಗೇ ಎರಗಿದ ತಲೆನೋವು, ಜ್ವರ ಮತ್ತು ಕುತ್ತಿಗೆ ಬಿಗಿತ ಜೊತೆಗಿರುವ ತಲೆನೋವು, ಕೈಕಾಲು ಸೋಲು ಅಥವಾ ಮಾತಿನ ತೊದಲು ತಂದ ತಲೆನೋವು, ಇವು ಮೈಗ್ರೇನ್ ಎಂದು ಮನೆಯಲ್ಲಿ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕಾದವು. ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ವೈದ್ಯರಿಗೆ ಬೇಗ ತೋರಿಸಬೇಕು. ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಮೈಗ್ರೇನ್‌ಗೆ ಕಳೆದುಕೊಳ್ಳುವವರು ತಡೆ ಔಷಧದ ಬಗ್ಗೆ ವೈದ್ಯರನ್ನು ಕೇಳಿ. ಹೊಸ ಚುಚ್ಚುಮದ್ದುಗಳು ದುಬಾರಿ ನಿಜ. ಆದರೆ ಆಸ್ತಮಾ ಇಲ್ಲದವರಿಗೆ ಕೊಡಬಹುದಾದ ಪ್ರೊಪ್ರನಾಲಾಲ್ ಮೈಗ್ರೇನ್ ತಡೆಗೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ಮತ್ತು ಅದರ ಒಂದು ದಿನದ ಖರ್ಚು ಅಗ್ಗದ ಜೀವಸತ್ವದ ಮಾತ್ರೆಗಿಂತ ಹೆಚ್ಚೇನಲ್ಲ.